ಆಟ ಕಲಿಸಲು ಕಡಲು ದಾಟಿ ಬಂದವರು



ಡೆಂಕಣಿಕೋಟೆ, ಕೆಲಮಂಗಲ, ತಳಿ ಕಡೆಯ ಊರುಗಳಲ್ಲಿ ಸಂಜೆಯಾದರೆ ಎರಡು ಕಂಬಕ್ಕೆ ಬಲೆ ಕಟ್ಟಿ ವಾಲಿಬಾಲ್ ಆಡುವುದು ನಮಗೆ ರೂಢಿ. ಆದರೆ ಇದು ನಮ್ಮ ಮುತ್ತಜ್ಜಂದಿರು ಕಂಡ ಆಟವಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ, ಅಂದರೆ ಕ್ರೈಸ್ತ ಯುವಕರ ಸಂಘದಲ್ಲಿ, ವಿಲಿಯಂ ಮಾರ್ಗನ್ ಎಂಬುವರು ಇದನ್ನು ರೂಪಿಸಿದರು. ಅದಕ್ಕೆ ನಾಲ್ಕು ವರ್ಷ ಮೊದಲು, 1891ರಲ್ಲಿ, ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಅದೇ ಸಂಘದ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದಿದ್ದರು. ಈ ಆಟಗಳು ತಾವಾಗಿಯೇ ಕಡಲು ದಾಟಲಿಲ್ಲ. ಕಲಿಸಲೆಂದೇ ಮನೆ ಬಿಟ್ಟು ಬಂದವರು ಇದ್ದರು.

ಇಂದು ಕೆಲವು ವಾರ ಅಥವಾ ತಿಂಗಳ ಮಟ್ಟಿಗೆ ಬೇರೆ ದೇಶದ ಬಡ ಬಡಾವಣೆಗಳಿಗೆ ಹೋಗಿ ಮಕ್ಕಳಿಗೆ ಆಟ ಕಲಿಸುವ ಸ್ವಯಂಸೇವೆ ಎಲ್ಲೆಡೆ ನಡೆಯುತ್ತಿದೆ. ನಮ್ಮ ಯುವಜನರಲ್ಲೂ ಅಂಥ ಆಸೆ ಇರುವವರಿದ್ದಾರೆ. ಅದು ಒಳ್ಳೆಯ ಆಸೆಯೇ. ಆದರೆ ಹೋಗುವ ಮೊದಲು, ಹಾಗೆಯೇ ನಮ್ಮ ದೇಶಕ್ಕೆ ಬಂದ ಇಬ್ಬರ ಕಥೆ ತಿಳಿದಿರಲಿ.

ಮೊದಲನೆಯವರು ಸೆಸಿಲ್ ಟಿಂಡೇಲ್ ಬಿಸ್ಕೋ. ಕೇಂಬ್ರಿಜ್‌ನಲ್ಲಿ ಓದಿದ ಈ ಇಂಗ್ಲಿಷ್ ಮಿಷನರಿ 1890ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಬಂದರು. ಮರುವರ್ಷ ಒಂದು ಫುಟ್‌ಬಾಲ್ ತಂದರು. ಅದು ಚರ್ಮದ್ದೆಂದು ತಿಳಿದು ಪಂಡಿತ ಮನೆತನದ ಹುಡುಗರು ಮುಟ್ಟಲು ಒಪ್ಪಲಿಲ್ಲ. ಬಿಸ್ಕೋ ಬಿಡಲಿಲ್ಲ, ಕೋಲು ಹಿಡಿದ ಶಿಕ್ಷಕರನ್ನು ಸುತ್ತ ನಿಲ್ಲಿಸಿ ಆಡಿಸಿಯೇ ಬಿಟ್ಟರು. ಚೆಂಡು ಒಬ್ಬ ಹುಡುಗನ ಮುಖಕ್ಕೆ ಬಡಿದು ಮೈಲಿಗೆಯಾಯಿತೆಂದು ಅವನು ಅತ್ತಾಗ, ಕಾಲುವೆಯಲ್ಲಿ ಮುಖ ತೊಳೆದು ಬಾ ಎಂದು ಕಳಿಸಿ ಆಟ ಮುಂದುವರಿಸಿದರು.

ಅವರ ಕೆಲಸ ಸಣ್ಣದಲ್ಲ. ಅದೇ ಹುಡುಗರು ಮುಂದೆ ಈಜು, ದೋಣಿ ಕಲಿತು ನೀರಿನಲ್ಲಿ ಮುಳುಗುವವರನ್ನು ಉಳಿಸಿದರು, ಬೆಂಕಿ ಬಿದ್ದಲ್ಲಿ ಓಡಿಹೋಗಿ ನೆರವಾದರು. ಬಿಸ್ಕೋ 1947ರವರೆಗೂ ಕಾಶ್ಮೀರದಲ್ಲೇ ಇದ್ದರು. ಶಾಲೆ ಇಂದಿಗೂ ಇದೆ. ಆದರೂ ಅವರ ಬರಹಗಳಲ್ಲಿ ಒಂದು ಮುಳ್ಳು ಉಳಿದಿದೆ. ಅಲ್ಲಿನ ಜನರನ್ನು ಅವರು ಹೇಡಿಗಳೆಂದು ಹೀಗಳೆದಿದ್ದಾರೆ. ಪ್ರೀತಿಯಿಂದ ಬಂದವರೂ ಮೇಲಿನಿಂದ ಕೆಳಗೆ ನೋಡಬಹುದು ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯವರು ನಮಗೆ ಇನ್ನೂ ಹತ್ತಿರದವರು. ಹ್ಯಾರಿ ಕ್ರೋ ಬಕ್ 1884ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವ್ಯಾಯಾಮ ಶಿಕ್ಷಣ ಕಲಿತು, 1919ರಲ್ಲಿ ವೈ.ಎಂ.ಸಿ.ಎ. ಪರವಾಗಿ ಮದ್ರಾಸಿಗೆ ಬಂದರು. ಆಗ ಶಾಲೆಗಳಲ್ಲಿ ವ್ಯಾಯಾಮವೆಂದರೆ ಡ್ರಿಲ್. ಸೈನ್ಯ ಬಿಟ್ಟು ಬಂದವರು ಲೆಫ್ಟ್ ರೈಟ್ ಹಾಕಿಸಿದರೆ ಮುಗಿಯಿತು. ಮಕ್ಕಳ ಮೈ, ಮನಸ್ಸು ತಿಳಿದು ಆಟ ಕಲಿಸುವ ಮೇಷ್ಟ್ರೇ ಇರಲಿಲ್ಲ.

ಬಕ್ ಅವರು ಒಂದು ತಂಡ ಕಟ್ಟಿ ಕಪ್ ಗೆಲ್ಲಿಸಿ ಹೆಸರು ಮಾಡಬಹುದಿತ್ತು. ಬದಲಿಗೆ 1920ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ, ಆಟ ಕಲಿಸುವವರಿಗೇ ಒಂದು ಶಾಲೆ ತೆರೆದರು. ಅದೇ ಇಂದು ಚೆನ್ನೈನ ನಂದನಂನಲ್ಲಿರುವ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು. ಅಲ್ಲಿ ಹೊಸ ಆಟಗಳ ಜೊತೆಗೆ ನಮ್ಮ ನಾಡಿನ ದಂಡ, ಬಸ್ಕಿಗಳಿಗೂ ಜಾಗ ಸಿಕ್ಕಿತು. ದೇಶದ ಮೂಲೆಮೂಲೆಗಳಿಂದ ಕಲಿಯಲು ಬಂದವರು ತಮ್ಮ ಊರುಗಳಿಗೆ ಮೇಷ್ಟ್ರಾಗಿ ಹಿಂದಿರುಗಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಕೂಡ ಬಕ್ ಅವರೇ. 1943ರಲ್ಲಿ ತೀರಿಕೊಳ್ಳುವವರೆಗೂ ಅವರು ಮದ್ರಾಸಿನ ಕೆಲಸ ಬಿಡಲಿಲ್ಲ. ಭಾರತ ಸರ್ಕಾರ ಗ್ವಾಲಿಯರ್‌ನಲ್ಲಿ ತನ್ನದೇ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದ್ದು 1957ರಲ್ಲಿ, ಅಂದರೆ ಬಕ್ ಅವರ ಶಾಲೆ ಶುರುವಾಗಿ 37 ವರ್ಷಗಳ ನಂತರ.

ಆ ದಿನಗಳಲ್ಲಿ ನಮ್ಮ ಡೆಂಕಣಿಕೋಟೆ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಶಾಲೆಯ ಪಿ.ಟಿ. ಪಿರಿಯಡ್ ಉಳಿದು ಬಂತು. ಪಿ.ಟಿ. ಮೇಷ್ಟ್ರೆಂದರೆ ತರಬೇತಿ ಪಡೆದ ಶಿಕ್ಷಕರಾಗಿರಬೇಕು ಎಂಬ ಮಾತು ಬೇರುಬಿಟ್ಟದ್ದರಲ್ಲಿ ಆ ಮದ್ರಾಸಿನ ಶಾಲೆಯ ಪಾಲು ದೊಡ್ಡದು.

ಬಕ್ ಅವರ ಜೊತೆ ಒಲಿಂಪಿಕ್ ಕೆಲಸದಲ್ಲಿದ್ದ ಇನ್ನೊಬ್ಬ ವೈ.ಎಂ.ಸಿ.ಎ. ಅಮೆರಿಕನ್ ಡಾ. ಎ. ಜಿ. ನೋರೆನ್. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಾಗ ದೊರಾಬ್ಜಿ ಟಾಟಾ ಅಧ್ಯಕ್ಷರು, ನೋರೆನ್ ಕಾರ್ಯದರ್ಶಿ. ಮರುವರ್ಷವೇ ಆ ಹೊಣೆ ಲಾಹೋರಿನ ಪ್ರಾಧ್ಯಾಪಕ ಜಿ. ಡಿ. ಸೋಂಧಿ ಅವರ ಕೈಗೆ ಬಂತು. ಏಷ್ಯನ್ ಕ್ರೀಡಾಕೂಟದ ಕನಸು ಕಂಡವರು ಇದೇ ಸೋಂಧಿ. 1951ರಲ್ಲಿ ಅದರ ಮೊದಲ ಕೂಟ ದೆಹಲಿಯಲ್ಲಿ ನಡೆಯಿತು. ಬಂದವರು ಹೊಣೆಯನ್ನು ಸ್ಥಳೀಯರಿಗೆ ಒಪ್ಪಿಸಿದ್ದರಿಂದ ಕೆಲಸ ನಿಲ್ಲಲಿಲ್ಲ, ಬೆಳೆಯಿತು.

ಗೆಳೆಯರೇ, ಬಕ್, ನೋರೆನ್ ಇಂದಿನ ಅರ್ಥದ ಸ್ವಯಂಸೇವಕರಲ್ಲ; ಒಂದು ಸಂಸ್ಥೆ ಕಳಿಸಿದವರು. ಆದರೂ ಪರಊರಿಗೆ ಕೋಚ್ ಆಗಿ ಹೋಗುವವರಿಗೆ ಈ ಇತಿಹಾಸ ಎರಡು ಪ್ರಶ್ನೆ ಕೇಳುತ್ತದೆ. ಅಲ್ಲಿನ ಮಕ್ಕಳನ್ನು ಸಮನಾಗಿ ಕಾಣುವಿರಾ? ನೀವು ವಾಪಸು ಬಂದ ಮರುದಿನ ಸಂಜೆ ಅಲ್ಲಿ ಆಟ ಕಲಿಸುವವರು ಯಾರು? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಫೋಟೋಗಳು ನಮ್ಮಲ್ಲಿ ಉಳಿಯುತ್ತವೆ, ಮಕ್ಕಳ ಕೈ ಖಾಲಿಯಾಗಿಯೇ ಇರುತ್ತದೆ.

ಇದೇ ಪ್ರಶ್ನೆಯನ್ನು ನಮ್ಮ ಊರಿಗೂ ಕೇಳೋಣ. ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಗಳಿಗೆ ಆಟ ಕಲಿಸಲು ಹೊರದೇಶದವರು ಬಂದರೆ ಭಾಷೆ ಕಲಿಯಲೇ ಅವರಿಗೆ ವರ್ಷ ಬೇಕು. ನಮ್ಮಲ್ಲಿ ಬಹಳ ಮಂದಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ. ಏಳೆಂಟನೇ ತರಗತಿ ದಾಟಿದ ಮೇಲೆ ಹೆಣ್ಣುಮಕ್ಕಳು ಮೈದಾನದಿಂದ ಮರೆಯಾಗುವುದನ್ನೂ ನಾವು ನೋಡುತ್ತಿದ್ದೇವೆ. ಅವರಿಗೆ ಒಬ್ಬ ಅಕ್ಕ ಕೋಚ್ ಆಗಿ ನಿಂತರೆ ಮನೆಯವರೂ ಧೈರ್ಯದಿಂದ ಕಳಿಸಿಯಾರು.

ಆಸಕ್ತಿಯೊಂದೇ ಸಾಲದು, ಕಲಿತು ಕಲಿಸಬೇಕು. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆಯುವ ದಾರಿಯೂ ಇದೆ. ನಮ್ಮ ಯುವಕರಲ್ಲಿ ಒಬ್ಬರು, ಯುವತಿಯರಲ್ಲಿ ಒಬ್ಬರು ಹೀಗೆ ಕಲಿತು ಬರಲಿ; ವಾರಕ್ಕೆ ಎರಡು ಸಂಜೆ ಒಂದೇ ಹಳ್ಳಿಗೆ ತಪ್ಪದೆ ಹೋಗಲಿ; ಆ ಹಳ್ಳಿಯಲ್ಲೇ ಇನ್ನಿಬ್ಬರನ್ನು ತಯಾರು ಮಾಡಲಿ. ಮುಂದೆ ಪ್ರಭು ಅವಕಾಶ ಕೊಟ್ಟು ನೀವು ಕಡಲಾಚೆಗೂ ಹೋದರೆ, ಅಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.