ಸುಪ್ರಾದ ಗೇರ್‌ಬಾಕ್ಸೂ, ನಮ್ಮ ನಾಗೋಡಿ ಘಾಟಿಯೂ

ಈ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್... ಕ್ಷಮೆ ಇರಲಿ. ಈ ಸಲ ಕಥೆ, ಕವನ ಏನೂ ಇಲ್ಲ, ಗೇರ್‌ಬಾಕ್ಸಿನ ಚರಿತ್ರೆ! ಪುಟ ಮುಚ್ಚಬೇಡಿ, ಬಿಡದಿ ಮತ್ತು ಕೊಲ್ಲೂರು ಎರಡೂ ಬರುತ್ತವೆ :-)

ನಮ್ಮೂರು ಯಡ್ತರೆ, ಬೈಂದೂರಿಗೆ ತಾಗಿಕೊಂಡೇ ಇದೆ. ಚಿಕ್ಕಪ್ಪಯ್ಯ ಮೂಕಾಂಬಿಕಾ ರೋಡ್ ಸ್ಟೇಷನ್ನಿನಿಂದ ಕೊಲ್ಲೂರಿಗೆ ಬಾಡಿಗೆ ಓಡಿಸುತ್ತಾರೆ. ಒಮ್ಮೊಮ್ಮೆ ಕೊಲ್ಲೂರಿನಿಂದಲೂ ಮುಂದೆ, ನಾಗೋಡಿ ಘಾಟಿ ಹತ್ತಿ ಹೊಸನಗರದ ಕಡೆಗೆ. ನಾನು ಇಂಜಿನಿಯರಿಂಗ್ ಓದುವಾಗ ರಜೆಗೆ ಬಂದರೆ ಅವರ ಟರ್ಬೊ ಡೀಸೆಲ್ ಗಾಡಿಯನ್ನು ನಾನೇ ಓಡಿಸುತ್ತಿದ್ದೆ. ಎಡಗೈ ಸದಾ ಗೇರಿನ ಮೇಲೆ, ಸಿನಿಮಾ ಹೀರೋ ಥರ. ಆಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಮಾಣಿ, ಗೇರಿನ್ ಮೇಲ್ ಕೈ ಇಟ್ಕಂಡ್ ಓಡ್ಸೂಕಾಗ. ಕೈ ಭಾರಕ್ಕೇ ಒಳ್ಗಿದ್ ಸವಿತ್ತ್."

ಹಳೇ ಕಾಲದವರ ನಂಬಿಕೆ ಅಂದುಕೊಂಡೆ. ನನ್ನ ಕೊನೇ ವರ್ಷದ ಓದು ನಡೆಯುವಾಗ, ಸರಿಯಾಗಿ ಅಯ್ಯಪ್ಪ ಸೀಸನ್ನಿನಲ್ಲಿ, ಆ ಗಾಡಿ ನಾಗೋಡಿ ಘಾಟಿಯಲ್ಲಿ ಎರಡನೇ ಗೇರ್ ಹಿಡಿಯದೆ ನಿಂತಿತು. ಪೆಟ್ಟಿಗೆ ಬಿಚ್ಚಿದರೆ ಹಲ್ಲುಗಳೆಲ್ಲ ಚೆನ್ನಾಗಿಯೇ ಇದ್ದವು, ಸವೆದದ್ದು ಫೋರ್ಕ್. ಎರಡು ವಾರ ಬಾಡಿಗೆ ಇಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ... ಅದೇ ಇವತ್ತಿಗೂ ಚುಚ್ಚುತ್ತದೆ. ಗೇರ್‌ಬಾಕ್ಸ್ ಯಾಕೆ ಸಾಯುತ್ತದೆ ಅಂತ ಹುಡುಕುತ್ತಾ ಹೋದವನು ಜಪಾನಿನ ಸ್ಪೋರ್ಟ್ಸ್ ಕಾರುಗಳ ತನಕ ಹೋಗಿ ಮುಟ್ಟಿದೆ.

ಮೊದಲು ಸ್ವಲ್ಪ ಹಿನ್ನೆಲೆ. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್-ಲೆವಾಸೋರ್ ಕಾರುಗಳಲ್ಲಿ ಗೇರು ಬದಲಿಸುವುದೆಂದರೆ ತಿರುಗುತ್ತಿರುವ ಹಲ್ಲಿಗೆ ಇನ್ನೊಂದು ಹಲ್ಲನ್ನು ತಳ್ಳಿ ಕೂರಿಸುವುದು. ಕ್ಲಚ್ ಎರಡು ಸಲ ಒತ್ತಿ, ವೇಗ ಹೊಂದಿಸಿ ಹಾಕದಿದ್ದರೆ ಕರಕರ ಸದ್ದು. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ಬಂತು, ವೇಗ ಹೊಂದಿಸುವ ಕೆಲಸವನ್ನು ಯಂತ್ರವೇ ಮಾಡತೊಡಗಿತು. ಕೈಗೆ ಆರಾಮ. ಆದರೆ ಆ ಆರಾಮದಲ್ಲಿ ಒಳಗೆ ಏನು ನಡೆಯುತ್ತಿದೆ ಅನ್ನುವುದು ಓಡಿಸುವವನಿಗೆ ಮರೆತುಹೋಯಿತು ಅಂತ ನನಗನಿಸುತ್ತೆ.

ಆಮೇಲೆ ಬಂತು ಟರ್ಬೊ. ಹಾರ್ಸ್‌ಪವರ್ ಬಗ್ಗೆ ಎಲ್ಲರೂ ಮಾತಾಡುತ್ತೇವೆ, ಆದರೆ ಗೇರ್‌ಬಾಕ್ಸಿಗೆ ಪೆಟ್ಟು ಕೊಡುವುದು ಟಾರ್ಕ್, ಅಂದರೆ ತಿರುಚುವ ಬಲ. ಟರ್ಬೊ ಮಾಡುವುದೇ ಅದನ್ನು: ಅದೇ ಅಳತೆಯ ಎಂಜಿನ್ನಿನಿಂದ ಹೆಚ್ಚು ಟಾರ್ಕ್, ಅದೂ ಕಡಿಮೆ ವೇಗದಲ್ಲೇ.

1980ರ ದಶಕದಲ್ಲಿ ಟೊಯೋಟಾ ಸುಪ್ರಾದ ಮೂರನೇ ತಲೆಮಾರಿಗೆ ಮೂರು ಲೀಟರಿನ ಟರ್ಬೊ ಎಂಜಿನ್ ಬಂದಾಗ ಅದಕ್ಕೆ ಕೊಟ್ಟದ್ದು ಆರ್154 ಅನ್ನುವ ಐದು ಗೇರಿನ ಪೆಟ್ಟಿಗೆ. 1989ರ ಅಮೆರಿಕದ ಸುಪ್ರಾದಲ್ಲಿ 232 ಹಾರ್ಸ್‌ಪವರ್, ಟಾರ್ಕ್ ಸುಮಾರು 344 ನ್ಯೂಟನ್ ಮೀಟರ್. ಇದರ ಮೊದಲ ಗೇರಿನ ಅನುಪಾತ 3.251. ಗುಣಿಸಿ ನೋಡಿ, ಪೆಟ್ಟಿಗೆಯಿಂದ ಹೊರಗೆ ಬರುವುದು 1,100ಕ್ಕೂ ಹೆಚ್ಚು ನ್ಯೂಟನ್ ಮೀಟರ್! ಓರೆ ಹಲ್ಲಿನ ಗೇರುಗಳು ಇಷ್ಟು ಬಲ ದಾಟಿಸುವಾಗ ಎರಡು ಕೆಲಸ ಆಗುತ್ತವೆ: ಶಾಫ್ಟುಗಳು ಒಂದನ್ನೊಂದು ದೂರ ತಳ್ಳುತ್ತವೆ, ಜೊತೆಗೆ ಗೇರು ಶಾಫ್ಟಿನ ಉದ್ದಕ್ಕೆ ಜಾರಲು ನೋಡುತ್ತದೆ. ಆ ಜಾರಾಟ ತಡೆಯುವುದು ಒಂದು ಥ್ರಸ್ಟ್ ವಾಷರ್, ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ತಗಡು. ಗಟ್ಟಿ ಅಂತ ಹೆಸರಾದ ಆರ್154ರಲ್ಲೂ ಜನ ಮೊದಲು ಬದಲಿಸಿ ಬಲಪಡಿಸುವುದು ಆ ತಗಡನ್ನು ಮತ್ತು ಫೋರ್ಕುಗಳನ್ನು. ಹಲ್ಲನ್ನಲ್ಲ! ಇದನ್ನು ಓದಿದ ದಿನ ಚಿಕ್ಕಪ್ಪಯ್ಯನ ಮುಖ ಕಣ್ಣ ಮುಂದೆ ಬಂತು.

ಫೋರ್ಕ್ ಅಂದರೆ ಗೇರಿನ ಕೋಲಿಗೆ ಸೇರಿದ ಕವಲು. ತಿರುಗುವ ತೋಳನ್ನು ಆಚೀಚೆ ಸರಿಸುವುದಷ್ಟೇ ಅದರ ಕೆಲಸ, ಉಳಿದ ಸಮಯ ಅದರ ಮೇಲೆ ಭಾರ ಬೀಳಬಾರದು. ಕೋಲಿನ ಮೇಲೆ ಕೈ ಇಟ್ಟರೆ, ತಿರುಗುವ ತೋಳಿಗೆ ಅದು ಸದಾ ಉಜ್ಜುತ್ತಾ ಇರುತ್ತದೆ. ಹಳೇ ಕಾಲದವರ ನಂಬಿಕೆ ಅಲ್ಲ ಸ್ವಾಮಿ, ಶುದ್ಧ ಮೆಕ್ಯಾನಿಕ್ಸ್.

ಇನ್ನೊಂದು ಪಾಠ ಕ್ಲಚ್ಚಿನದು. ಎಂಜಿನ್ ಜೋರು ತಿರುಗಿಸಿ ಕ್ಲಚ್ ಥಟ್ಟನೆ ಬಿಟ್ಟರೆ ಎಂಜಿನ್ನಿನ ಟಾರ್ಕ್ ಮಾತ್ರವಲ್ಲ, ತಿರುಗುತ್ತಿರುವ ಫ್ಲೈವೀಲಿನ ಶಕ್ತಿಯೂ ಒಟ್ಟಿಗೆ ಬಂದು ಹಲ್ಲಿಗೆ ಬಡಿಯುತ್ತದೆ. ಕ್ಲಚ್ ಸ್ವಲ್ಪ ಜಾರಿದರೆ ಪೆಟ್ಟಿಗೆ ಬದುಕಿತು. ಕಾರಿನ ಬಲ ಹೆಚ್ಚಿಸುವವರು ಜಾರದ ಕ್ಲಚ್ ಹಾಕಿಸುತ್ತಾರೆ, ಆಮೇಲೆ "ಗೇರ್‌ಬಾಕ್ಸ್ ಸರಿಯಿಲ್ಲ" ಅಂತ ಬೈಯುತ್ತಾರೆ. ಮನೆಯ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟಿ, ಕೊನೆಗೆ ಮೋಟಾರು ಸುಟ್ಟುಕೊಂಡ ಹಾಗೆ.

ಟೊಯೋಟಾ ಈ ಮಿತಿಯನ್ನು ಚೆನ್ನಾಗಿ ಬಲ್ಲದು. 1993ರಲ್ಲಿ ಬಂದ ನಾಲ್ಕನೇ ಸುಪ್ರಾದ ಅವಳಿ ಟರ್ಬೊ 431 ನ್ಯೂಟನ್ ಮೀಟರ್ ಕೊಡುತ್ತಿತ್ತು. ಅದಕ್ಕೆ ಆರ್154 ಬಿಟ್ಟು ಗೆಟ್ರಾಗ್‌ನ ಆರು ಗೇರಿನ ಹೊಸ ಪೆಟ್ಟಿಗೆ ಹಾಕಿದರು.

ಈಗ ಬಿಡದಿಗೆ ಬನ್ನಿ. ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಜೊತೆಗೆ ಅಲ್ಲಿ ಆಟೋ ಪಾರ್ಟ್ಸ್ ಕಾರ್ಖಾನೆಯೂ ಇದೆ. 2004ರಲ್ಲಿ ಅಲ್ಲಿ ಶುರುವಾದದ್ದು ಏನು ಗೊತ್ತೇ? ಆರ್ ಮಾದರಿಯ ಮ್ಯಾನುಯಲ್ ಗೇರ್‌ಬಾಕ್ಸ್! ಹೌದು, ಆರ್154ರ ಕುಟುಂಬದ್ದೇ. ಅದೇ ಪೆಟ್ಟಿಗೆ ಅಲ್ಲ, ದಾಯಾದಿ ಅನ್ನಬಹುದು. ಹೈಲಕ್ಸ್, ಫಾರ್ಚುನರ್, ಇನ್ನೋವಾಗಳ ಜಾಗತಿಕ ಯೋಜನೆಗಾಗಿ ಬಿಡದಿಯ ಪೆಟ್ಟಿಗೆಗಳು ಥಾಯ್ಲೆಂಡ್, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾಕ್ಕೆ ಹೋದವು. ಮೈಸೂರಿಗೆ ಹೋಗುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದವರು ನಾವೆಲ್ಲ, ಪಕ್ಕದಲ್ಲೇ ಸುಪ್ರಾದ ನೆಂಟ ಇದ್ದಾನೆ ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ನನಗೆ ಅತ್ಯಂತ ಆಶ್ಚರ್ಯ ಆದದ್ದು ಈ ಅಂಕಿ: 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಟರ್ಬೊ ಕೊಡುವುದು 343 ನ್ಯೂಟನ್ ಮೀಟರ್. 1989ರ ಸುಪ್ರಾದಷ್ಟೇ! ಅಂದರೆ ಎಂಟು ಜನರನ್ನು ಹೇರಿಕೊಂಡು ಕೊಲ್ಲೂರಿಗೆ ಹೊರಟ ಬಾಡಿಗೆ ಗಾಡಿಯ ಗೇರ್‌ಬಾಕ್ಸಿನೊಳಗೆ ಬರುವುದು ಒಂದು ಕಾಲದ ಸ್ಪೋರ್ಟ್ಸ್ ಕಾರಿನ ಟಾರ್ಕ್. ವ್ಯತ್ಯಾಸ ಇಷ್ಟೇ, ಸ್ಪೋರ್ಟ್ಸ್ ಕಾರಿನವನು ಭಾನುವಾರ ಓಡಿಸುತ್ತಾನೆ, ನಮ್ಮವರು ದಿನಾ.

ಇನ್ನೂ ಒಂದು ಅಂಕಿ ನೋಡಿ. 2021ರ ಫಾರ್ಚುನರ್ 2.8 ಡೀಸೆಲ್ಲಿಗೆ ಆಟೋಮ್ಯಾಟಿಕ್ ಇದ್ದರೆ 500 ನ್ಯೂಟನ್ ಮೀಟರ್, ಮ್ಯಾನುಯಲ್ ಇದ್ದರೆ 420. ಎಂಜಿನ್ ಒಂದೇ! ಕಂಪ್ಯೂಟರಿನವನಾಗಿ ನನಗೆ ಇದು ಸಲೀಸಾಗಿ ಅರ್ಥ ಆಯ್ತು: ಎಂಜಿನ್ನಿಗೆ ಎಷ್ಟು ಬಲ ಕೊಡಬೇಕು ಅನ್ನುವುದು ಸಾಫ್ಟ್‌ವೇರಿನ ಕೈಯಲ್ಲಿದೆ, ಮ್ಯಾನುಯಲ್ ಗಾಡಿಗೆ ಅದನ್ನು ಕಟ್ಟಿಹಾಕಿದ್ದಾರೆ. ಕ್ಲಚ್ಚು, ಹಲ್ಲು, ಜೊತೆಗೆ ಕೋಲಿನ ಮೇಲಿರುವ ಅಪರಿಚಿತ ಕೈ, ಈ ಮೂರನ್ನೂ ನಂಬುವುದಕ್ಕೆ ಒಂದು ಮಿತಿ ಇದೆ ಅಂತ ನಾನು ಓದಿಕೊಂಡೆ.

ಹಾಗಂತ ಮ್ಯಾನುಯಲ್ ಸತ್ತುಹೋಯಿತಾ? 2019ರಲ್ಲಿ ಐದನೇ ಸುಪ್ರಾ ಆಟೋಮ್ಯಾಟಿಕ್ ಮಾತ್ರ ಹೊತ್ತು ಬಂತು. ಅಭಿಮಾನಿಗಳು ಗೊಣಗಿದರು, 2022ರಲ್ಲಿ ಮ್ಯಾನುಯಲ್ ಕೊಟ್ಟರು. ಜನಕ್ಕೆ ಬೇಕಾದದ್ದು ಬರೀ ವೇಗ ಅಲ್ಲ, ಕೈಗೆ ಒಂದು ಕೆಲಸ.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು: ಗೇರ್‌ಬಾಕ್ಸಿನ ಬಾಳಿಕೆ ಕಂಪನಿ ಬರೆದ ಅಂಕಿಯಲ್ಲಿ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ಓಡಿಸುವವನ ಎಡಗೈ, ಎಡಗಾಲಿನಲ್ಲಿ. ನನ್ನ ಹತ್ತಾರು ದಿನದ ರಜೆಯ ಓಡಾಟದಿಂದಲೇ ಆ ಫೋರ್ಕ್ ಸವೆಯಿತು ಅನ್ನಲಾರೆ, ಆದರೆ ಅದರಲ್ಲಿ ನನ್ನ ಪಾಲೂ ಇತ್ತು.

ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪಯ್ಯನಿಗೆ ಈ ಸುಪ್ರಾ ಕಥೆಯೆಲ್ಲ ಹೇಳಿದೆ. ಪೂರಾ ಕೇಳಿದರು, ಏನೂ ಹೇಳಲಿಲ್ಲ, ಕೀ ನನ್ನ ಕೈಗೆ ಕೊಟ್ಟರು. ಕೊಲ್ಲೂರಿನ ತನಕ ಎಡಗೈಯನ್ನು ಸ್ಟೇರಿಂಗಿನ ಮೇಲೆಯೇ ಇಟ್ಟುಕೊಂಡಿದ್ದೆ :-)

ನಿಮ್ಮ ಮನೆಯಲ್ಲೂ ಹೀಗೆ ಗಾಡಿ ಬಲ್ಲ ಹಿರಿಯರು ಇದ್ದರೆ ಅವರ ಮಾತುಗಳನ್ನು ಕಮೆಂಟಿನಲ್ಲಿ ಬರೆಯಿರಿ.