ಪಿಕಪ್ ವಾಹನ (ಬೆಳಗಾವಿ–ಖಾನಾಪುರ ಸೀಮೆ)

ಹಿಂಬದಿಯಲ್ಲಿ ತೆರೆದ ತೊಟ್ಟಿಯುಳ್ಳ ಲಘು ಸರಕು ವಾಹನ. ಹೊಲಕ್ಕೆ ಗೊಬ್ಬರ, ದನಕ್ಕೆ ಮೇವು, ಬೆಳಗಾವಿ ಪೇಟೆಗೆ ತರಕಾರಿ ಸಾಗಿಸಲು ಬಳಕೆ. ಯಾವುದನ್ನು ಕೊಳ್ಳಬೇಕೆಂಬುದನ್ನು ಇಲ್ಲಿ ಮಳೆಯೇ ಹೇಳುತ್ತದೆ. ಡಾಂಬರು ರಸ್ತೆಗೆ ಹಿಂಚಕ್ರ ಚಾಲನೆಯ ಮಹೀಂದ್ರ ಬೊಲೆರೊ ಪಿಕಪ್ ಅಥವಾ 2017ರಲ್ಲಿ ಬಂದ ಟಾಟಾ ಯೋಧ ಸಾಕು. ಜಾಂಬೋಟಿ, ಅದರಾಚೆ ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆಯ ಘಟ್ಟದ ಕೆಂಪು ಕೆಸರಿನ ಮಾತೇ ಬೇರೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಭಾರವಿಲ್ಲದ ಚಕ್ರ ನಿಂತಲ್ಲೇ ತಿರುಗುತ್ತದೆ. ತೊಟ್ಟಿಯಲ್ಲಿ ನಾಲ್ಕು ಚೀಲ ಮರಳು ಹಾಕುವುದು ಅಗ್ಗದ ಉಪಾಯ. ನಿತ್ಯದ ಓಡಾಟಕ್ಕೆ ನಾಲ್ಕು ಚಕ್ರ ಚಾಲನೆ, ಲೋ ಗೇರ್, ಆಳ ಗೀರಿನ ಟೈರು ಬೇಕು. ಹಿಂದೆ ಗಟ್ಟಿ ಲೀಫ್ ಸ್ಪ್ರಿಂಗ್ ಇದ್ದರೆ ಹೇರು ತಡೆಯುತ್ತದೆ, ಬೆನ್ನು ನೋಯುತ್ತದೆ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಕೆಸರು ದಾಟಬಲ್ಲದು, ಆದರೆ ಗೊಬ್ಬರ ಹೇರಲು ದುಬಾರಿ.