ಕತ್ತದ ಹಗ್ಗ, ಮಂಗಳೂರಿನ ಅಕ್ಕಿ: ಅಮೀನ್‌ದೀವಿ ದ್ವೀಪಗಳ ಚರಿತ್ರೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸೇರುವಾಗ ಎರಡು ತುಂಡು ಕಳೆದುಕೊಂಡಿತು. ಒಂದು ಕಾಸರಗೋಡು ತಾಲ್ಲೂಕು. ಅದಕ್ಕಾಗಿ ಕನ್ನಡಿಗರು ಮಾಡಿದ ಹೋರಾಟ, ಬರೆದ ಬರಹ ಎಲ್ಲರಿಗೂ ಗೊತ್ತು. ಇನ್ನೊಂದು ಅಮೀನ್‌ದೀವಿ ದ್ವೀಪಗಳು. ಅವು ಹೋದಾಗ ಯಾರೂ ಸೊಲ್ಲೆತ್ತಲಿಲ್ಲ. ಸೊಲ್ಲೆತ್ತಬೇಕಿತ್ತು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ದ್ವೀಪವಾಸಿಗಳ ಮಾತು ಮಲಯಾಳದ ಒಂದು ಬಗೆಯಾದ ಜೆಸೆರಿ, ನಂಟಸ್ತಿಕೆ ಮಲಬಾರಿನದು. ಆದರೂ ಒಂದೂವರೆ ಶತಮಾನಕ್ಕೂ ಮಿಕ್ಕಿ ಆ ಐದು ದ್ವೀಪಗಳ ಅನ್ನದ ಲೆಕ್ಕ ಬರೆದದ್ದು ಮಂಗಳೂರಿನಲ್ಲಿ. ಇವತ್ತು ಪ್ರವಾಸೋದ್ಯಮ ಲಕ್ಷದ್ವೀಪವನ್ನು ಜಗತ್ತಿನ ಸಂಪರ್ಕವೇ ಇಲ್ಲದ ನೀಲಿ ಏಕಾಂತವೆಂದು ಮಾರುತ್ತಿದೆ. ಆ ಏಕಾಂತ ಹಿಂದೆಂದೂ ಇರಲಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಲಕ್ಷದ್ವೀಪ ಸಮೂಹದಲ್ಲಿ 36 ದ್ವೀಪಗಳಿದ್ದು ಜನವಸತಿ ಇರುವುದು ಹತ್ತರಲ್ಲಿ. ಎಲ್ಲ ನೆಲ ಕೂಡಿಸಿದರೂ 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಒಟ್ಟು 64,473 ಜನ. ಅಮೀನ್‌ದೀವಿ ಎನ್ನುವುದು ಈ ಸಮೂಹದ ಉತ್ತರ ಭಾಗ: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ. ಕಿಲ್ತಾನ್ ಮಂಗಳೂರಿನಿಂದ ಸುಮಾರು 250 ಕಿ.ಮೀ. ದೂರ, ಕೋಳಿಕೋಡಿಗಿಂತ ಹತ್ತಿರ. ಬಿತ್ರಾದ ನೆಲ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಪಾಲು, ಆದರೆ ಅದರ ಸುತ್ತಲಿನ ಲಗೂನ್ 45 ಚದರ ಕಿಲೋಮೀಟರಿಗೂ ಹೆಚ್ಚು. ಇವೆಲ್ಲ ಹವಳದ ದಿಬ್ಬದ ಮೇಲೆ ಮರಳು ನಿಂತು ಆದ ನೆಲ. ಹೊಳೆ ತೊರೆ ಇಲ್ಲ, ಬೆಟ್ಟವಿಲ್ಲ, ಭತ್ತದ ಗದ್ದೆಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬಾವಿಯ ಸಿಹಿನೀರು ಅಷ್ಟೇ. ಬೆಳೆಯುವುದು ತೆಂಗು. ಎಂದ ಮೇಲೆ ಅಕ್ಕಿ ಕಡಲು ದಾಟಿಯೇ ಬರಬೇಕು, ಅಕ್ಕಿಗೆ ಬದಲು ಕೊಡಲು ತೆಂಗಿನಿಂದಲೇ ಏನಾದರೂ ಹುಟ್ಟಬೇಕು. ಅದು ಕತ್ತದ ಹಗ್ಗ.

ಹಗ್ಗದ ಖ್ಯಾತಿ ಹಳೆಯದು. 11ನೇ ಶತಮಾನದ ಆರಂಭದಲ್ಲಿ ಅಲ್‌ಬಿರೂನಿ ಈ ಕಡಲಿನ ದ್ವೀಪಗಳನ್ನು ಹುಟ್ಟುವಳಿಯ ಮೇಲೆ ಎರಡು ಗುಂಪು ಮಾಡಿದ: ಕವಡೆಯವು, ತೆಂಗಿನ ನಾರಿನ ಹಗ್ಗದವು. ಮೊದಲನೆಯವು ಮಾಲ್ದೀವ್ಸ್, ಎರಡನೆಯವು ಲಕ್ಷದ್ವೀಪ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅರಬರ ಹಡಗುಗಳಿಗೆ ಆ ಹಗ್ಗ ಬೇಕೇಬೇಕಿತ್ತು, ಏಕೆಂದರೆ ಅವರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸುತ್ತಿರಲಿಲ್ಲ, ನಾರಿನಿಂದ ಹೊಲಿಯುತ್ತಿದ್ದರು. ದ್ವೀಪದ ‘ಓಡಂ’ ಎಂಬ ಹಾಯಿದೋಣಿಯೂ ಹೀಗೆ ಹೊಲಿದದ್ದೇ.

ಜನ ಬಂದು ನೆಲೆಸಿದ ಬಗ್ಗೆ ಎರಡು ಕಥನಗಳಿವೆ. ಹಿಜರಿ 41ರಲ್ಲಿ, ಅಂದರೆ 7ನೇ ಶತಮಾನದಲ್ಲಿ, ಉಬೈದುಲ್ಲಾ ಎಂಬ ಸಂತರು ಹಡಗು ಒಡೆದು ಅಮಿನಿಯ ದಡ ಸೇರಿದರು, ದ್ವೀಪದವರು ಇಸ್ಲಾಮಿಗೆ ಬಂದದ್ದು ಅವರಿಂದ ಎಂಬುದು ಒಂದು. ಅವರ ಗೋರಿ ಆಂದ್ರೋತ್ ದ್ವೀಪದಲ್ಲಿದೆ. ಕೇರಳದ ಐತಿಹ್ಯದ ಅರಸ ಚೇರಮಾನ್ ಪೆರುಮಾಳನನ್ನು ಹುಡುಕಿ ಹೊರಟವರು ದಾರಿತಪ್ಪಿ ದ್ವೀಪ ಕಂಡರು ಎಂಬುದು ಇನ್ನೊಂದು. ಕಾಲನಿರ್ಣಯಕ್ಕೆ ಎರಡೂ ಒದಗುವುದಿಲ್ಲ. ಆದರೆ ಕೋಯ, ಮಾಲ್ಮಿ, ಮೇಲಾಚೇರಿ ಎಂಬ ಶ್ರೇಣಿಗಳು (ಒಡೆಯರು, ಹಡಗು ನಡೆಸುವವರು, ಮರ ಹತ್ತುವವರು) ಮತ್ತು ತಾಯಿಯ ಕಡೆಯಿಂದ ಇಳಿಯುವ ತರವಾಡು, ಇವು ಮಲಬಾರಿನಿಂದ ಗುಂಪುಗುಂಪಾಗಿ ವಲಸೆ ಬಂದದ್ದನ್ನೇ ಹೇಳುತ್ತವೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಹಗ್ಗಕ್ಕಾಗಿ ಅಮಿನಿಗೆ ನುಗ್ಗಿದಾಗ ದ್ವೀಪದವರು ಅವರಿಗೆ ವಿಷವಿಕ್ಕಿ ಕೊಂದರು ಎನ್ನುವ ಐತಿಹ್ಯ ಇಂದಿಗೂ ಅಲ್ಲಿ ಜೀವಂತವಾಗಿದೆ. ಆ ಶತಮಾನದಲ್ಲೇ ದ್ವೀಪಗಳು ಕೋಲತ್ತಿರಿ ಅರಸರ ಕೈಯಿಂದ ಕಣ್ಣೂರಿನ ಅರಕ್ಕಲ್ ಮನೆತನಕ್ಕೆ ದಾಟಿದವು.

ಅರಕ್ಕಲ್ ಒಡೆಯರು 18ನೇ ಶತಮಾನದಲ್ಲಿ ಹಗ್ಗದ ವ್ಯಾಪಾರವನ್ನು ತಮ್ಮ ಏಕಸ್ವಾಮ್ಯಕ್ಕೆ ತೆಗೆದುಕೊಂಡರು. ದ್ವೀಪದವರು ಹಗ್ಗವನ್ನು ಅವರಿಗೇ, ಅವರು ಕಟ್ಟಿದ ದರಕ್ಕೇ ಕೊಡಬೇಕು. ಬದಲಿಗೆ ಸಿಗುವ ಅಕ್ಕಿಯ ದರವನ್ನೂ ಅವರೇ ಕಟ್ಟುವರು. ಕೊಡುವಲ್ಲೂ ಕೊಳ್ಳುವಲ್ಲೂ ಹಿಂಡುವ ಈ ಪದ್ಧತಿಯೇ ಅಮಿನಿಯವರ ದಂಗೆಗೆ ಕಾರಣವಾಯಿತು. ಅವರು ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. ಕೆಲವು ದಾಖಲೆಗಳು ಇದನ್ನು 1783 ಎನ್ನುತ್ತವೆ, ಕೆಲವು 1787. ಅಮಿನಿ ಗುಂಪಿನ ಐದು ದ್ವೀಪಗಳು ಟಿಪ್ಪುವಿನ ಕೈಗೆ ಬಂದವು, ಉಳಿದವು ಕಣ್ಣೂರಿನಲ್ಲೇ ನಿಂತವು. ಮಂಗಳೂರು ಆಗ ಮೈಸೂರಿನ ಮುಖ್ಯ ಬಂದರು ಎಂಬುದನ್ನು ನೆನೆದರೆ ದ್ವೀಪದವರ ಲೆಕ್ಕಾಚಾರ ಅರ್ಥವಾಗುತ್ತದೆ. ಅವರು ಬದಲಿಸಲು ಹೊರಟದ್ದು ದೊರೆಯನ್ನು ಮಾತ್ರವಲ್ಲ, ಹಗ್ಗ ಇಳಿಸುವ ದಕ್ಕೆಯನ್ನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾದ ಜೊತೆಗೆ ಈ ಐದು ದ್ವೀಪಗಳೂ ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಕಣ್ಣೂರಿನ ಅರಕ್ಕಲ್ ಒಡತಿ ಬೀಬಿ ಅವನ್ನು ತನಗೆ ಮರಳಿಸಿ ಎಂದು ಕೇಳಿದಳು. ಸಿಕ್ಕಿದ್ದು ಕಪ್ಪದಲ್ಲಿ ಒಂದಿಷ್ಟು ಮಾಫಿ ಮಾತ್ರ. ಅಲ್ಲಿಂದ ಆಡಳಿತ ಮಂಗಳೂರಿನ ಕಲೆಕ್ಟರರದ್ದು. ಅಮಿನಿಯಲ್ಲಿ ಕುಳಿತು ಅದನ್ನು ನಡೆಸುತ್ತಿದ್ದವನು ‘ಮೊನೆಗಾರ’. ಕಂದಾಯವೂ ಅವನದೇ, ಸಣ್ಣಪುಟ್ಟ ವ್ಯಾಜ್ಯದ ತೀರ್ಪೂ ಅವನದೇ. ಬರೆಯಲು ಒಬ್ಬ ಕರಣಿಕ.

ಕಂಪನಿ ಬಂದರೆ ಏಕಸ್ವಾಮ್ಯ ತೊಲಗಬಹುದೆಂದು ದ್ವೀಪದವರು ನಂಬಿದ್ದರೆ ಅದು ಹುಸಿಯಾಯಿತು. ಸರ್ಕಾರವೇ ಹಗ್ಗದ ವರ್ತಕನಾಯಿತು. ದೋಣಿಗಳು ಹಗ್ಗವನ್ನು ಮಂಗಳೂರಿಗೆ ತಂದು ಸರ್ಕಾರದ ಉಗ್ರಾಣಕ್ಕೆ ಒಪ್ಪಿಸುವುದು, ಗೊತ್ತಾದ ದರದಲ್ಲಿ ಅಕ್ಕಿ ಎಣಿಸಿಕೊಳ್ಳುವುದು. ತೆಂಗಿನಕಾಯಿ, ಬೆಲ್ಲ ಮೊದಲಾದವನ್ನು ಮಾತ್ರ ಇಷ್ಟಬಂದವರಿಗೆ ಮಾರಬಹುದು. ಕಣ್ಣೂರಿನ ಕಾಲಕ್ಕೆ ಹೋಲಿಸಿದರೆ ದರ ಅಷ್ಟಿಷ್ಟು ಉತ್ತಮ, ಹಿಂಸೆ ಕಡಿಮೆ. ಪದ್ಧತಿಯ ಎಲುಬು ಮಾತ್ರ ಹಾಗೇ ಇತ್ತು. ಅದು 20ನೇ ಶತಮಾನದವರೆಗೂ ಬಂತು.

ಆ ಹಗ್ಗ ಆಗುತ್ತಿದ್ದ ಬಗೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಸುಲಿದ ಸಿಪ್ಪೆಯನ್ನು ಲಗೂನಿನ ಅಂಚಿನಲ್ಲಿ, ಭರತದ ನೀರು ಬಂದುಹೋಗುವಲ್ಲಿ, ಗುಂಡಿ ತೋಡಿ ಹೂಳುತ್ತಾರೆ. ಅಲೆ ಎಳೆದೊಯ್ಯದಂತೆ ಮೇಲೆ ಹವಳದ ಕಲ್ಲು ಹೇರುತ್ತಾರೆ. ತಿಂಗಳುಗಟ್ಟಲೆ ಅದು ಅಲ್ಲೇ ಕೊಳೆಯಬೇಕು. ಆಮೇಲೆ ಹೆಂಗಸರು ತೆಗೆದು, ಮರದ ಕೊಡತಿಯಿಂದ ಬಡಿದು, ತೊಗಟೆ ಹಿಟ್ಟು ಉದುರಿಸಿ, ತೊಳೆದು ಒಣಗಿಸಿ, ಎರಡು ಅಂಗೈಗಳ ನಡುವೆ ಉಜ್ಜಿ ಹುರಿ ಮಾಡುತ್ತಾರೆ. ಹಿನ್ನೀರಿನ ಕೆಸರಲ್ಲಿ ನೆನೆದ ನಾರು ಕಪ್ಪಾಗುತ್ತದೆ. ಶುದ್ಧ ಉಪ್ಪುನೀರಿನಲ್ಲಿ ನೆನೆದ ದ್ವೀಪದ ನಾರು ತಿಳಿಬಣ್ಣಕ್ಕೆ ನಿಲ್ಲುತ್ತದೆ. ಪೇಟೆಯಲ್ಲಿ ಅದಕ್ಕೆ ಬೇರೆಯೇ ಬೆಲೆ. ಕಡಲಾಚೆಯ ವ್ಯಾಪಾರ ಗಂಡಸರದ್ದೆಂದು ದಾಖಲೆಗಳು ಹೇಳುತ್ತವೆ, ಏಕೆಂದರೆ ಕಚೇರಿಯ ಬಾಗಿಲಿಗೆ ಬಂದವರು ಗಂಡಸರು. ದ್ವೀಪ ಉಣ್ಣುತ್ತಿದ್ದುದು ಹೆಂಗಸರ ಅಂಗೈಯ ದುಡಿಮೆಯನ್ನು. 19ನೇ ಶತಮಾನದ ವರದಿಗಳನ್ನು ಓದುವಾಗ ಈ ಮಾತನ್ನು ಓದುಗನೇ ಅಂಚಿನಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ಓಡಂ ಹೊರಡುತ್ತಿದ್ದುದು ಮಳೆಗಾಲ ಕಳೆದ ಮೇಲೆ. ನಕ್ಷತ್ರದ ಎತ್ತರವನ್ನು ಹಲಗೆಯ ತುಂಡು ಮತ್ತು ಗಂಟು ಹಾಕಿದ ದಾರದಿಂದ ಅಳೆಯುವ ‘ಕಮಾಲ್’ ಎಂಬ ಸಾಧನ ಮಾಲ್ಮಿಗಳ ಬಳಿಯಿತ್ತು. ದಾರಿ, ಗಾಳಿ, ದಡದ ಗುರುತುಗಳನ್ನು ಬರೆದಿಟ್ಟ ‘ರಹಮಾನಿ’ ಹೊತ್ತಿಗೆಗಳಿದ್ದವು. ಮೇ ತಿಂಗಳ ಹೊತ್ತಿಗೆ ದೋಣಿಗಳನ್ನು ದಡಕ್ಕೆ ಎಳೆದು ಮಡಲು ಹೊದಿಸಿದರೆ ಮುಂದಿನ ನಾಲ್ಕು ತಿಂಗಳು ಅಕ್ಕಿಯ ಮಾತಿಲ್ಲ. ಕೂಡಿಟ್ಟದ್ದು ಮುಗಿದರೆ ತೆಂಗಿನಕಾಯಿ, ಮೀನು.

ಕಣ್ಣೂರಿನಲ್ಲೇ ಉಳಿದ ದಕ್ಷಿಣದ ದ್ವೀಪಗಳ ಕಥೆ ಬೇರೆ ತಿರುವು ಪಡೆಯಿತು. 1847ರ ಚಂಡಮಾರುತ ಆಂದ್ರೋತ್, ಕಲ್ಪೇನಿಗಳನ್ನು ಧ್ವಂಸ ಮಾಡಿತು, ಅಮೀನ್‌ದೀವಿಯ ಕಿಲ್ತಾನನ್ನೂ ಬಿಡಲಿಲ್ಲ. ಪರಿಹಾರಕ್ಕೆಂದು ಹೋದ ವಿಲಿಯಂ ರಾಬಿನ್ಸನ್ 1848ರಲ್ಲಿ ಬರೆದ ವರದಿ ದ್ವೀಪಚರಿತ್ರೆಯ ಮೂಲ ಆಕರಗಳಲ್ಲಿ ಒಂದು. ಅರಕ್ಕಲ್ ಮನೆತನ ಕಂಪನಿಗೆ ಸಾಲಗಾರನಾಯಿತು. 1854ರಿಂದ ಶುರುವಾದ ಜಪ್ತಿಗಳು 1908ರ ಹೊತ್ತಿಗೆ ಪೂರ್ಣ ಬಿಟ್ಟುಕೊಡುವಿಕೆಯಲ್ಲಿ ಮುಗಿದವು. ಆ ದ್ವೀಪಗಳು ಮಲಬಾರ್ ಜಿಲ್ಲೆಗೆ ಸೇರಿದವು. ಹೀಗಾಗಿ ಒಂದೇ ಮಾತು, ಒಂದೇ ಮತ, ಒಂದೇ ಕಸುಬಿನ ಜನ ಎರಡು ಜಿಲ್ಲೆಗಳ ಕಡತಗಳಲ್ಲಿ ಹಂಚಿಹೋದರು. ಲಕ್ಷದ್ವೀಪದ ಚರಿತ್ರೆ ಬರೆದವರು ಹೆಚ್ಚಾಗಿ ಮಲಬಾರಿನ ಕಡತ ಹಿಡಿದರು. ವಿಲಿಯಂ ಲೋಗನ್ನನ 1887ರ ಮಲಬಾರ್ ಕೈಪಿಡಿ ಅಷ್ಟು ಸಮೃದ್ಧವಾಗಿದ್ದುದೂ ಇದಕ್ಕೆ ಕಾರಣ. 1894–95ರಲ್ಲಿ ಬಂದ ಸ್ಟರಾಕ್ ಮತ್ತು ಸ್ಟುವರ್ಟರ ದಕ್ಷಿಣ ಕನ್ನಡ ಕೈಪಿಡಿಯನ್ನು ನಮ್ಮವರು ಭೂತಾರಾಧನೆಗೂ ಬಾಸೆಲ್ ಮಿಷನ್ನಿಗೂ ತಿರುವಿಹಾಕಿದಷ್ಟು ಅಮೀನ್‌ದೀವಿಗಾಗಿ ತಿರುವಿದ್ದು ಕಡಿಮೆ.

ಆಸ್ತಿಯ ವಿಷಯದಲ್ಲಿ ತುಳುನಾಡಿನ ಓದುಗರಿಗೆ ಅಪರಿಚಿತವೆನಿಸದ ಒಂದು ವ್ಯವಸ್ಥೆ ಅಲ್ಲಿತ್ತು. ತರವಾಡಿನ ಕೂಡು ಆಸ್ತಿ ‘ಶುಕ್ರವಾರದ ಸೊತ್ತು’. ಅದು ಹೆಣ್ಣಿನ ಕಡೆಗೆ ಇಳಿಯುತ್ತದೆ, ಭಾಗ ಮಾಡಿ ಮಾರುವಂತಿಲ್ಲ. ಒಬ್ಬನು ಸ್ವಂತ ದುಡಿದು ಗಳಿಸಿದ್ದು ‘ಸೋಮವಾರದ ಸೊತ್ತು’; ಅದು ಇಸ್ಲಾಮಿ ಕಾನೂನಿನಂತೆ ಮಕ್ಕಳಿಗೆ ಹೋಗಬಹುದು. ಗಂಡ ರಾತ್ರಿ ಹೆಂಡತಿಯ ಮನೆಗೆ ಹೋಗಿ ಬೆಳಗ್ಗೆ ತನ್ನ ತಾಯಿಯ ಮನೆಗೆ ಮರಳುತ್ತಿದ್ದ. ಕಲ್ಪೇನಿಯ ಮೇಲೆ ಲೀಲಾ ದುಬೆ 1969ರಲ್ಲಿ ಪ್ರಕಟಿಸಿದ ಅಧ್ಯಯನ ಇಸ್ಲಾಮೂ ಮಾತೃವಂಶವೂ ಒಂದೇ ಸೂರಿನಡಿ ಹೇಗೆ ಬಾಳಿದವು ಎಂದು ತೋರಿಸಿದ ಮುಖ್ಯ ಕೃತಿ. ಅಳಿಯಸಂತಾನದ ಪರಿಚಯವಿದ್ದ ಮಂಗಳೂರಿನ ಕಚೇರಿಗೆ ಅಮಿನಿಯ ತರವಾಡು ವ್ಯಾಜ್ಯಗಳು ವಿಚಿತ್ರವಾಗಿ ಕಂಡಿರಲಾರವು ಎಂಬುದು ನನ್ನ ಊಹೆ.

ಪ್ರಕೃತಿಯನ್ನು ನೋಡಲೆಂದೇ ಬಂದವರ ಬರವಣಿಗೆಯೂ ಇದೆ. ಮುಂದೆ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬನಾದ ಎ. ಓ. ಹ್ಯೂಮ್ 1875ರಲ್ಲಿ ಪಕ್ಷಿಗಳಿಗಾಗಿ ಈ ಕಡಲು ಸುತ್ತಿದ. ಕಡಲಹಕ್ಕಿಗಳು ಗೂಡಿಡುವ ಪಿಟ್ಟಿ ಎಂಬ ಮರಳದಿಬ್ಬವನ್ನೂ ಕಂಡ. 1899–1900ರಲ್ಲಿ ಸ್ಟ್ಯಾನ್ಲಿ ಗಾರ್ಡಿನರ್‌ನ ತಂಡ ಹವಳದ ದಿಬ್ಬಗಳು ಹುಟ್ಟುವ ಬಗೆ ತಿಳಿಯಲು ಬಂತು. ದ್ವೀಪದವರಿಗೆ ಪ್ರಕೃತಿಯೆಂದರೆ ಮೊದಲಿಗೆ ಇಲಿ. ತೆಂಗಿನ ತಲೆಯಲ್ಲೇ ಗೂಡು ಮಾಡಿ ಎಳೆಗಾಯಿ ಕೊರೆಯುವ ಇಲಿಗಳನ್ನು ಹಿಡಿಯಲು ಊರ ಗಂಡಸರೆಲ್ಲ ಸೇರಲೇಬೇಕಾದ ಇಲಿಬೇಟೆಗಳು ನಡೆಯುತ್ತಿದ್ದವು. ಒಂದು ಕಾಯಿ ಕೆಟ್ಟರೆ ಅಷ್ಟು ನಾರು ಹೋಯಿತು, ಅಷ್ಟು ಅಕ್ಕಿ ಹೋಯಿತು.

1956ರ ನವೆಂಬರ್ 1ರಂದು ಎರಡೂ ಗುಂಪುಗಳು, ಮಿನಿಕಾಯ್ ಸಹಿತ, ಒಂದೇ ಕೇಂದ್ರಾಡಳಿತ ಪ್ರದೇಶವಾದವು. ಆಡಳಿತ ಕಚೇರಿ 1964ರಲ್ಲಿ ಕೋಳಿಕೋಡಿನಿಂದ ಕವರತ್ತಿಗೆ ಹೋಯಿತು, 1973ರಲ್ಲಿ ‘ಲಕ್ಷದ್ವೀಪ’ ಅಧಿಕೃತ ಹೆಸರಾಯಿತು. 1960ರ ದಶಕದಲ್ಲಿ ಸಹಕಾರ ಸಂಘಗಳು ಬಂದು ಅಕ್ಕಿ–ಹಗ್ಗದ ಹಳೆಯ ಗಂಟನ್ನು ಬಿಡಿಸಿದವು; ಸೂರೆ (ಟ್ಯೂನಾ) ಮೀನುಗಾರಿಕೆ ಹೊಸ ಆಧಾರವಾಯಿತು. ಹೊರಗಿನವರು ಬಂದು ನೆಲೆಸದಂತೆ 1967ರ ನಿಯಮಗಳು ಪರವಾನಗಿ ಕಡ್ಡಾಯ ಮಾಡಿದವು. ಪ್ರವಾಸಿಗರು ಇಂದು ಗೊಣಗುವ ಪರ್ಮಿಟ್ಟು ಅದೇ. ಶತಮಾನಗಳ ಕಾಲ ತಮ್ಮ ಸರಕಿನ ಬೆಲೆಯನ್ನು ತಾವು ಕಟ್ಟಲಾಗದಿದ್ದ ಜನ, ನೆಲವನ್ನಾದರೂ ಉಳಿಸಿಕೊಳ್ಳಲು ಸಿಕ್ಕ ಕಾನೂನನ್ನು ಬಿಗಿಯಾಗಿ ಹಿಡಿದುಕೊಂಡದ್ದು ಸಹಜ.

1988ರಲ್ಲಿ ಅಗತ್ತಿ ದ್ವೀಪಕ್ಕೆ ವಿಮಾನ ಇಳಿಯತೊಡಗಿದ ಮೇಲೆ ಅದರ ಬಳಿಯ ಬಂಗಾರಂ ದ್ವೀಪ ಪ್ರವಾಸಿಗರಲ್ಲಿ ಹೆಸರಾಯಿತು. ಅಮೀನ್‌ದೀವಿ ಗುಂಪಿನಲ್ಲಿ ಪ್ರವಾಸಿಗರ ಪಾಲಿಗೆ ಮುಖ್ಯವಾದದ್ದು ಕಡಮತ್. ಎಂಟೊಂಬತ್ತು ಕಿಲೋಮೀಟರ್ ಉದ್ದಕ್ಕೆ ಸಪೂರವಾಗಿ ಚಾಚಿರುವ ಅದರ ಲಗೂನು ನೀರೊಳಗೆ ಮುಳುಗಿ ನೋಡುವವರಿಗೆ ಪ್ರಿಯ. ನೋಡುವುದಕ್ಕೆ ಇರುವ ಹವಳವೇ ಸಂಕಟದಲ್ಲಿದೆ. 1998, 2010, 2016ರಲ್ಲಿ ಕಡಲು ಬಿಸಿಯೇರಿ ಹವಳ ಬಿಳಚಿ ಸತ್ತಿತು. ಇದನ್ನು ವರ್ಷ ವರ್ಷವೂ ಅಳೆಯುತ್ತ ಬಂದವರಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಪ್ರಮುಖರು. ಬಂಗಾರಂ ಬಳಿಯ ಪರಳಿ ಎಂಬ ಕಿರುದ್ವೀಪಗಳಲ್ಲಿ ಒಂದು ಪೂರ್ತಿ ಕೊರೆದುಹೋಗಿದೆ. 2025ರ ಜುಲೈಯಲ್ಲಿ ಬಿತ್ರಾವನ್ನು ರಕ್ಷಣಾ ಉದ್ದೇಶಕ್ಕೆ ತೆಗೆದುಕೊಳ್ಳುವ ಪ್ರಸ್ತಾಪದ ಅಧಿಸೂಚನೆ ಬಂತು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಜನ.

ಮಂಗಳೂರಿನ ಹಳೆ ಬಂದರಿನ ದಕ್ಕೆಯಿಂದ ಲಕ್ಷದ್ವೀಪಕ್ಕೆ ಮಂಜಿ ಎಂಬ ಸರಕಿನ ದೋಣಿಗಳು ಈಗಲೂ ಹೋಗುತ್ತವೆ. ಈಗ ಎಂಜಿನ್ ಇದೆ. ಹೇರುವುದು ತರಕಾರಿ, ದಿನಸಿ, ಸಿಮೆಂಟು, ಜಲ್ಲಿ, ಮರಳು. ಹವಳವನ್ನು ವನ್ಯಜೀವಿ ಕಾನೂನಿನಡಿ ಸಂರಕ್ಷಿಸಿರುವುದರಿಂದ ದ್ವೀಪದಲ್ಲಿ ಮನೆ ಕಟ್ಟುವವನಿಗೆ ಕಲ್ಲೂ ಕಡಲು ದಾಟಿ ಬರಬೇಕು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿಗಳ ಸಂಚಾರಕ್ಕೆ ತಡೆ. ಮಳೆಗಾಲಕ್ಕೆ ಬೇಕಾದ ಸಾಮಾನನ್ನು ಅದಕ್ಕೆ ಮುಂಚೆಯೇ ಒಯ್ದು ಮುಗಿಸಬೇಕು.